ಎಲಿ ಎತ್ತೋ ಜಾಣ

ಕುಂದಗೋಳದ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕಾಲೇಜು ಹುಡುಗನೊಬ್ಬ ಗೆಳೆಯನಿಗೆ ತಿದ್ದಿ ಹೇಳುತ್ತಿದ್ದ: ‘ಲೇ, ಇಸ್ಪೀಟ್ ಎಲಿ ಅನಬ್ಯಾಡ, ಅದು ಜೂಜು. ನಾವು ಆಡೂದು ಕಾರ್ಡ್ಸ್.’ ನನಗೆ ಸಂಕಟವಾಯಿತು. ‘ಇಸ್ಪೀಟ್ ಅಡ್ಡೆ ಮೇಲೆ ದಾಳಿ’ ಎಂದು ಬರೆದೂ ಬರೆದೂ ಪತ್ರಿಕೆಗಳು ಆ ಮಾತಿಗೆ ಕಳ್ಳನ ಪಟ್ಟ ಕಟ್ಟಿವೆ. ಪಕ್ಕದಲ್ಲಿ ನಿಂತ ತಪ್ಪಿಗೆ ಪಾಪ, ಎಲಿಯೂ ಸಿಕ್ಕಿಬಿದ್ದಿದೆ.

ಇಸ್ಪೀಟಿನ ಮೂಲವನ್ನು ನಿಘಂಟು ಬಲ್ಲವರು ನೋಡಿಕೊಳ್ಳಲಿ. ಬದಾಮ, ಚೌಕಟ, ಕಿಲವರ ಎಂಬ ಎಲಿಗಳ ಮರಾಠಿ ಹೆಸರುಗಳು ನಮ್ಮ ಬಾಯಿಗೆ ಹೇಗೆ ಬಂದವೆನ್ನಲು ನಿಘಂಟೂ ಬೇಡ. ಸ್ವಾತಂತ್ರ್ಯ ಬರುವವರೆಗೆ ಕುಂದಗೋಳ ಪಟವರ್ಧನರ ಜಮಖಂಡಿ ಸಂಸ್ಥಾನದ ತಾಲ್ಲೂಕು, ಮರಾಠಿ ಇಲ್ಲಿ ಬಳಕೆಯಲ್ಲಿತ್ತು. ಆದರೆ ನನ್ನ ಜೀವವಿರುವುದು ಎಲಿಯ ಮೇಲೆ.

ಈ ಎಲಿ ಊಟದ ಪಂಕ್ತಿಯಿಂದ ಎದ್ದು ಬಂದದ್ದು ಎಂಬುದು ನನ್ನ ಗಟ್ಟಿ ನಂಬಿಕೆ. ‘ಹಿಂದಿಯ ಪತ್ತಾ ನೋಡಿ ಕನ್ನಡಿಗರು ಎಲಿ ಅಂದರು, ಅಷ್ಟೇ’ ಎನ್ನುವವರಿದ್ದಾರೆ. ಹಾಗಾದರೆ ಕ್ರಿಯಾಪದಗಳನ್ನು ಕೊಟ್ಟವರು ಯಾರು? ಪಂಕ್ತಿಯಲ್ಲಿ ಎಲಿ ಹಾಕುತ್ತೇವೆ, ಆಟದಲ್ಲೂ ಹಾಕುತ್ತೇವೆ. ಅಲ್ಲಿ ಅನ್ನ ಕಲಸುತ್ತೇವೆ, ಇಲ್ಲಿ ಎಲಿ ಕಲಸುತ್ತೇವೆ. ಎರಡೂ ಕಡೆ ಎಲಿ ಎತ್ತುತ್ತೇವೆ. ಇನ್ನೊಂದು ಸಾಕ್ಷಿ ಗಂಜೀಫಾ ಎಂಬ ಹಳೆಯ ಎಲೆಯಾಟ. 1527ರಲ್ಲಿ ಬಾಬರ್ ಸಿಂಧಿನ ಶಾ ಹುಸೇನನಿಗೆ ಕಳಿಸಿಕೊಟ್ಟ ಆಟ ಅದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ ಅದರ ಬಗೆಗಳ ವರ್ಣನೆಯಿದೆ, ಚಾಮುಂಡೇಶ್ವರಿ ಛದದ ಒಂದು ಕಟ್ಟಿಗೆ 320 ಎಲೆ. ಛದ ಎಂದರೂ ಎಲೆಯೇ. ದಶಾವತಾರದ ಕಟ್ಟಿನಲ್ಲಿ 120 ಎಲೆ, ಹಗಲು ಆಡಿದರೆ ರಾಮನಿಂದ ಶುರು, ರಾತ್ರಿ ಆಡಿದರೆ ಕೃಷ್ಣನಿಂದ. ಗಂಜೀಫಾ ಎಲೆಗಳು ಹೆಚ್ಚಾಗಿ ದುಂಡಗಿನವು, ನಮ್ಮ ಮುತ್ತಲದ ಪತ್ರಾವಳಿಯ ಹಾಗೆ. ಇನ್ನೇನು ಬೇಕು?

ಈಗ ಗಾದೆಗೆ ಬರೋಣ. ‘ಎಲಿ ಎತ್ತೋ ಜಾಣ ಅಂದ್ರ ಉಂಡವ್ರು ಎಷ್ಟು ಮಂದಿ ಅಂದ.’ ನಮ್ಮ ಮನೆಯಲ್ಲಿ ಕೆಲಸಕ್ಕೆ ಹಿಂದೇಟು ಹಾಕಿದ ಮಕ್ಕಳಿಗೆಲ್ಲ ಅಜ್ಜಿಯಿಂದ ಬೀಳುತ್ತಿದ್ದದ್ದು ಇದೇ. ಹೇಳಿದ ಕೆಲಸ ಬಿಟ್ಟು ಲೆಕ್ಕ ಕೇಳುವ ಮೈಗಳ್ಳ ಅವನು ಎಂದೇ ಎಲ್ಲರ ತೀರ್ಪು. ಅವನನ್ನೇ ಪಂಕ್ತಿಯಿಂದ ಎಬ್ಬಿಸಿ ರಮ್ಮಿ ಆಡುವವರ ನಡುವೆ ಕೂರಿಸಿ ನೋಡಿ. ಎಲಿ ಎತ್ತುವ ಮೊದಲು ಎಷ್ಟು ಬಿದ್ದಿವೆ, ಯಾವುವು ಬಿದ್ದಿವೆ, ಯಾರು ಏನನ್ನು ಎತ್ತಿಕೊಂಡರು ಎಂದು ಲೆಕ್ಕ ಹಾಕುವವನೇ ಅಲ್ಲಿ ಗೆಲ್ಲುವವನು. ಸುಮ್ಮನೆ ಎತ್ತುವವನು ಸೋಲುತ್ತಾನೆ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಬರೀ ಅದೃಷ್ಟದ ಆಟವಲ್ಲ, ಹೆಚ್ಚಾಗಿ ಕೌಶಲದ ಆಟ ಎಂದಾಗ ಕೊಟ್ಟ ಕಾರಣವೂ ಅದೇ: ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿದಿರಬೇಕು. ಗಾದೆ ಅವನನ್ನು ಜಾಣ ಎಂದು ಕರೆದದ್ದು ಹಂಗಿಸುವುದಕ್ಕಲ್ಲ ಎಂದೇ ನಾನು ಓದುತ್ತೇನೆ. ಅಜ್ಜಿ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಆದರೂ ನನ್ನ ಮಾತು ಅದೇ.

ಈಗಿನ ಹುಡುಗರು ಮೊಬೈಲಿನಲ್ಲಿ ಆಟ ಕಲಿತವರು. ಶಫಲ್, ಡೀಲ್, ಡ್ರಾಪ್ ಬಿಟ್ಟು ಬೇರೆ ಮಾತು ಅವರಿಗೆ ಗೊತ್ತಿಲ್ಲ. ದುಡ್ಡು ಹೀರಿದ್ದು ಆ ಆಟವೇ, ಮರ್ಯಾದೆ ಕಳೆದುಕೊಂಡದ್ದು ಮಾತ್ರ ಎಲಿ! ಪಣವಿಟ್ಟರೆ ಕಾರ್ಡ್ಸೂ ಜೂಜೇ, ಪಣವಿಲ್ಲದಿದ್ದರೆ ಎಲಿಯೂ ಆಟವೇ.

ಬರುವ ಪಂಚಮಿಗೆ ಮನೆಯ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಆಡುವವರು ಕಲಸು, ಹಂಚು, ಎತ್ತು, ಹಾಕು ಎಂದೇ ಹೇಳಿಕೊಡಿ. ನಿಮ್ಮೂರಲ್ಲಿ ಈ ಆಟಕ್ಕೆ ಬೇರೆ ಮಾತುಗಳಿದ್ದರೆ ಬರೆದು ತಿಳಿಸಿ.