ಸಂಮೋಹನವೂ ಧೂಮಪಾನತ್ಯಾಗವೂ: ಒಂದು ಐತಿಹಾಸಿಕ ವಿವೇಚನೆ

ಸಂಮೋಹನದ ಮೂಲಕ ಧೂಮಪಾನದ ಚಟವನ್ನು ಬಿಡಿಸಬಹುದೆಂಬ ಮಾತು ಇಂದು ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳುತ್ತದೆ. ವೈದ್ಯಪತ್ರಿಕೆಗಳಲ್ಲಿಯೂ ಚರ್ಚೆಗೆ ಬರುತ್ತದೆ. ವೈದ್ಯರಿಗೆ ಬಿಡಬೇಕಾದ ಈ ವಿಷಯದಲ್ಲಿ ಚರಿತ್ರೆಯ ಅಧ್ಯಾಪಕರಾದ ನಮಗೇನು ಕೆಲಸವೆಂದು ವಾಚಕರು ಕೇಳಬಹುದು. ಚಿಕಿತ್ಸೆ ಫಲಿಸುವುದೋ ಇಲ್ಲವೋ ಎಂಬ ನಿರ್ಣಯ ವೈದ್ಯಶಾಸ್ತ್ರಕ್ಕೆ ಸೇರಿದುದೇ ಸರಿ. ಆದರೆ ಅಂಥದೊಂದು ನಂಬಿಕೆ ಹೇಗೆ ಹುಟ್ಟಿತು, ಅದನ್ನು ಯಾರು ಯಾವ ಒರೆಗಲ್ಲಿಗೆ ತಿಕ್ಕಿ ನೋಡಿದರು ಎಂಬುದು ಚರಿತ್ರೆಯ ಪ್ರಶ್ನೆ. ಅಲ್ಲದೆ ಈ ಕಥೆಯ ಎರಡು ಎಳೆಗಳು ನಮ್ಮ ನೆರೆಯಲ್ಲಿಯೇ ಹಾದುಹೋಗಿವೆ: ಒಂದು ಬಿಜಾಪುರದಲ್ಲಿ, ಇನ್ನೊಂದು ಗೋವೆಯಲ್ಲಿ.

೧

ತಂಬಾಕು ಅಮೆರಿಕ ಖಂಡದ ಸಸ್ಯ. ಪೋರ್ಚುಗೀಸರ ವ್ಯಾಪಾರದ ಮೂಲಕ ದಕ್ಖಣವನ್ನು ಸೇರಿದ ಈ ಸೊಪ್ಪು ಹದಿನೇಳನೆಯ ಶತಮಾನದ ಆರಂಭದ ವೇಳೆಗೆ ಬಿಜಾಪುರದಲ್ಲಿ ದೊರೆಯುತ್ತಿತ್ತು. ಎರಡನೆಯ ಇಬ್ರಾಹಿಂ ಆದಿಲಶಹನ ಆಸ್ಥಾನಕ್ಕೆ ಅಕ್ಬರನ ಪ್ರತಿನಿಧಿಯಾಗಿ ಬಂದಿದ್ದ ಅಸದ್ ಬೇಗನು ಅದನ್ನು ಅಲ್ಲಿಯೇ ಕೊಂಡು, ಅಂದವಾದ ಕೊಳವೆಯೊಂದನ್ನು ಮಾಡಿಸಿ, ಎರಡನ್ನೂ ತನ್ನ ಒಡೆಯನಿಗೆ ಕಾಣಿಕೆಯಾಗಿ ಒಪ್ಪಿಸಿದ ಸಂಗತಿಯನ್ನು ತಾನೇ ಬರೆದಿಟ್ಟಿದ್ದಾನೆ. ಅಕ್ಬರನು ಕೊಳವೆಯನ್ನು ಬಾಯಿಗಿಟ್ಟುಕೊಂಡಾಗ ಆಸ್ಥಾನದ ಹಕೀಮನು ತಡೆದನು. ನಮ್ಮ ಗ್ರಂಥಗಳಲ್ಲಿ ಕಾಣದ, ನಮ್ಮವರು ಪರೀಕ್ಷಿಸದ ವಸ್ತುವನ್ನು ಪರದೇಶದವರ ಮಾತಿನ ಮೇಲೆ ಹೇಗೆ ಒಪ್ಪುವುದೆಂಬುದು ಅವನ ಆಕ್ಷೇಪ. ಎಲ್ಲ ಆಚಾರಗಳೂ ಒಂದು ಕಾಲಕ್ಕೆ ಹೊಸತಾಗಿದ್ದುವೇ ಅಲ್ಲವೇ ಎಂಬುದು ಅಸದ್ ಬೇಗನ ಉತ್ತರ. ಅಕ್ಬರನಿಗೆ ಅದು ರೂಢಿಯಾಗಲಿಲ್ಲ. ಆದರೆ ಸರದಾರರು ಕೇಳಿ ಪಡೆದರು, ವರ್ತಕರು ತಂದು ಮಾರಿದರು, ಚಟ ಹರಡಿತು. ಇಲ್ಲಿ ನಾವು ಗಮನಿಸಬೇಕಾದುದು ಒಂದುಂಟು: ತಂಬಾಕಿನ ಬಗೆಗೆ ಮೊಗಲ್ ಆಸ್ಥಾನದಲ್ಲಿ ನಡೆದ ಆ ವಾದವು ಪ್ರಮಾಣ ಯಾವುದು ಎಂಬ ವಾದವೇ ಆಗಿದ್ದಿತು. ಮುಂದೆ ಸಂಮೋಹನದ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳಲಿದೆ.

೧೬೧೭ರಲ್ಲಿ ಜಹಾಂಗೀರನು ತಂಬಾಕನ್ನು ನಿಷೇಧಿಸಿದನು. ಇರಾನಿನ ಷಾ ಅಬ್ಬಾಸನೂ ಹಾಗೆಯೇ ಮಾಡಿದ್ದನು. ಆದರೆ ಜಹಾಂಗೀರನ ರಾಯಭಾರಿಯಾಗಿ ಇರಾನಿಗೆ ಹೋಗಿದ್ದ ಖಾನ್ ಆಲಮನು ತಂಬಾಕಿಲ್ಲದೆ ಒಂದು ಕ್ಷಣವೂ ಇರಲಾರದವನಾಗಿದ್ದನು. ಅವನಿಗಾಗಿ ಷಾ ಅಬ್ಬಾಸನು ತನ್ನ ಕಟ್ಟಳೆಯನ್ನೇ ಸಡಿಲಿಸಬೇಕಾಯಿತೆಂದು ಜಹಾಂಗೀರನ ಆತ್ಮವೃತ್ತಾಂತದಿಂದ ತಿಳಿದುಬರುತ್ತದೆ. ಇಬ್ಬರು ಚಕ್ರವರ್ತಿಗಳ ಆಜ್ಞೆಗಳು ಒಬ್ಬನ ಚಟವನ್ನು ಬಿಡಿಸಲಾರದೆ ಹೋದುವು. ಹೊರಗಿನ ಆಜ್ಞೆಗೆ ಇಷ್ಟೇ ಬಲವಾದರೆ, ಮನಸ್ಸಿನ ಒಳಗೆ ಆಜ್ಞೆಯನ್ನು ನೆಡುವ ಉಪಾಯವುಂಟೇ? ಸಂಮೋಹನದ ಚರಿತ್ರೆ ಈ ಆಸೆಯ ಚರಿತ್ರೆಯೂ ಹೌದು.

೨

ಅದರ ಆಧುನಿಕ ಅಧ್ಯಾಯವು ಫ್ರಾಂಟ್ಸ್ ಆಂಟನ್ ಮೆಸ್ಮರನಿಂದ (೧೭೩೪–೧೮೧೫) ಮೊದಲಾಗುತ್ತದೆ. ವಿಯೆನ್ನಾದಲ್ಲಿ ವೈದ್ಯನಾಗಿದ್ದು ೧೭೭೮ರಲ್ಲಿ ಪ್ಯಾರಿಸಿಗೆ ಬಂದ ಇವನು, ವಿಶ್ವವನ್ನೆಲ್ಲ ವ್ಯಾಪಿಸಿರುವ ಸೂಕ್ಷ್ಮದ್ರವವೊಂದು ದೇಹದಲ್ಲಿ ಸರಾಗವಾಗಿ ಹರಿಯದಿದ್ದಾಗ ರೋಗ ಬರುವುದೆಂದೂ, ತಾನು ಅದನ್ನು ಹರಿಯುವಂತೆ ಮಾಡಬಲ್ಲೆನೆಂದೂ ಸಾರಿದನು. ಜನ ಮುಗಿಬಿದ್ದರು. ೧೭೮೪ರಲ್ಲಿ ಹದಿನಾರನೆಯ ಲೂಯಿಯು ಪರಿಶೀಲನಾ ಮಂಡಲಿಯನ್ನು ನೇಮಿಸಿದನು. ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವಾಸಿಯೆ, ಖಗೋಳಜ್ಞ ಬಾಯಿ ಮೊದಲಾದವರು ಅದರಲ್ಲಿದ್ದರು.

ಫ್ರಾಂಕ್ಲಿನ್ ವಾಸವಾಗಿದ್ದ ಪಾಸಿಯ ತೋಟದಲ್ಲಿ ನಡೆದ ಪರೀಕ್ಷೆ ಪ್ರಸಿದ್ಧವಾಗಿದೆ. ಮೆಸ್ಮರನ ಶಿಷ್ಯನಾದ ದೆಲೋನನು ಮರವೊಂದಕ್ಕೆ ತನ್ನ ಶಕ್ತಿಯನ್ನು ತುಂಬಿದನು. ಬಳಿಕ ಹನ್ನೆರಡು ವರ್ಷದ ಬಾಲಕನೊಬ್ಬನ ಕಣ್ಣು ಕಟ್ಟಿ, ಬೇರೆ ಮರಗಳ ಬಳಿಗೆ ಒಂದೊಂದಾಗಿ ಕರೆದೊಯ್ದರು. ಶಕ್ತಿ ತುಂಬಿದ ಮರವನ್ನು ಮುಟ್ಟುವ ಮೊದಲೇ, ನಾಲ್ಕನೆಯ ಮರದಡಿಯಲ್ಲಿ, ಹುಡುಗ ಮೂರ್ಛೆಹೋದನು! ದ್ರವವೆಂಬುದು ಇಲ್ಲ, ಫಲವನ್ನು ಉಂಟುಮಾಡುವುದು ಕಲ್ಪನೆ ಎಂದು ಮಂಡಲಿಯು ತೀರ್ಮಾನಿಸಿತು. ತೀರ್ಮಾನ ಸರಿಯಾದುದೇ. ಆದರೆ ಬರಿಯ ಕಲ್ಪನೆಯೇ ಒಬ್ಬ ಬಾಲಕನನ್ನು ನೆಲಕ್ಕೆ ಬೀಳಿಸಬಲ್ಲುದಾದರೆ ಆ ಕಲ್ಪನೆಯೇ ವಿಚಾರಾರ್ಹವಲ್ಲವೇ? ಮಂಡಲಿಯು ಆ ದಾರಿಯಲ್ಲಿ ಮುಂದುವರಿಯಲಿಲ್ಲ.

ಮುಂದುವರಿದವರಲ್ಲಿ ಒಬ್ಬನು ಗೋವೆಯವನು. ಅಬ್ಬೆ ಫಾರಿಯಾ ಎಂದು ಹೆಸರಾದ ಜೊಸೆ ಕುಸ್ತೋದಿಯು ದೆ ಫಾರಿಯಾ ೧೭೫೬ರಲ್ಲಿ ಕಾಂದೊಳಿಯಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ತಂದೆಯೊಡನೆ ಲಿಸ್ಬನ್ನಿಗೆ ಹೋಗಿ, ರೋಮಿನಲ್ಲಿ ವ್ಯಾಸಂಗ ಮಾಡಿ ಪಾದ್ರಿಯಾದನು. ೧೮೧೩ರಲ್ಲಿ ಪ್ಯಾರಿಸಿನಲ್ಲಿ ಮೋಹನಿದ್ರೆಯನ್ನು ಕುರಿತು ಸಾರ್ವಜನಿಕ ಪ್ರಯೋಗಗಳನ್ನು ನಡೆಸಲಾರಂಭಿಸಿದನು. ಮಂತ್ರದಂಡವಿಲ್ಲ, ಅಯಸ್ಕಾಂತವಿಲ್ಲ, ಆಸನದಲ್ಲಿ ಕುಳಿತವನಿಗೆ ಮಲಗೆಂದು ಆಜ್ಞಾಪಿಸುವುದಷ್ಟೇ ಅವನ ವಿಧಾನ. ಅವನ ಸಿದ್ಧಾಂತವಾದರೂ ಆ ವಿಧಾನಕ್ಕೆ ತಕ್ಕುದಾಗಿತ್ತು: ನಿದ್ರೆಯ ಕಾರಣ ಆಜ್ಞಾಪಿಸುವವನಲ್ಲಿಲ್ಲ, ಮಲಗುವವನಲ್ಲಿಯೇ ಇದೆ. ಜೀವಿತಕಾಲದಲ್ಲಿ ಪರಿಹಾಸಕ್ಕೆ ಗುರಿಯಾಗಿ ಅವನು ೧೮೧೯ರಲ್ಲಿ ತೀರಿಕೊಂಡನು. ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿ 'ಕೌಂಟ್ ಆಫ್ ಮಾಂಟಿಕ್ರಿಸ್ಟೊ'ವಿನ ಸೆರೆಮನೆಯ ಪಾದ್ರಿಯಾಗಿ ಅವನ ಹೆಸರನ್ನು ಬಲ್ಲವರು ಹಲವರು. ಅವನ ಸಿದ್ಧಾಂತವನ್ನು ಬಲ್ಲವರು ವಿರಳ.

೩

೧೮೪೧ರಲ್ಲಿ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡನು ಇಂಥದೊಂದು ಪ್ರದರ್ಶನವನ್ನು ನೋಡಿ, ಸ್ವತಃ ಪರೀಕ್ಷೆಗೆ ತೊಡಗಿದನು. ೧೮೪೩ರಲ್ಲಿ ಪ್ರಕಟವಾದ ಅವನ ಗ್ರಂಥದಿಂದ 'ಹಿಪ್ನಾಟಿಸಂ' ಎಂಬ ಹೆಸರು ನೆಲೆಗೊಂಡಿತು. ಇದೇ ಕಾಲಕ್ಕೆ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲನು ೧೮೪೫ರಿಂದ ರೋಗಿಗಳನ್ನು ಮೋಹನಿದ್ರೆಗೆ ಒಳಪಡಿಸಿ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದನು. ಅವನ ಮೊದಲ ರೋಗಿ ಒಬ್ಬ ಕೈದಿ. ಗಂಟೆಗಟ್ಟಲೆ ಕೈಯಾಡಿಸಿ ನಿದ್ರೆ ತರಿಸುವ ಶ್ರಮವನ್ನು ಬಹುಮಟ್ಟಿಗೆ ವಹಿಸಿದವರು ಆಸ್ಪತ್ರೆಯ ದೇಶೀಯ ಸಹಾಯಕರು. ೧೮೪೬ರಲ್ಲಿ ಕಲ್ಕತ್ತೆಯಲ್ಲಿ ಇದಕ್ಕೆಂದೇ ಆಸ್ಪತ್ರೆಯೊಂದು ತೆರೆಯಿತು. ಆದರೆ ಅದೇ ವರ್ಷ ಬಾಸ್ಟನ್ನಿನಲ್ಲಿ ಈಥರ್, ಮರುವರ್ಷ ಕ್ಲೋರೊಫಾರ್ಮ್ ಬಳಕೆಗೆ ಬಂದುವು. ಆ ಉದ್ಯಮ ಹಿಂದೆ ಬಿದ್ದಿತು. ಅಧಿಕಾರದ ಎದುರು ಕೈದಿಯೊಬ್ಬನ ಸಮ್ಮತಿಗೆ ಎಷ್ಟು ಅರ್ಥವಿತ್ತೆಂಬ ಪ್ರಶ್ನೆಯನ್ನು ಇಂದಿನ ಸಂಶೋಧಕರು ಕೇಳದೆ ಇರಲಾಗದು.

ಫ್ರಾನ್ಸಿನ ನಾನ್ಸಿ ನಗರದಲ್ಲಿ ಲಿಯೆಬೋ ಎಂಬ ವೈದ್ಯನೂ, ೧೮೮೨ರಲ್ಲಿ ಅವನನ್ನು ಕಂಡು ಮಾರುಹೋದ ಪ್ರಾಧ್ಯಾಪಕ ಬೆರ್ನ್‌ಹೈಮನೂ ಸೇರಿ ಈ ವಿದ್ಯೆಗೆ ಹೊಸ ತಳಹದಿಯನ್ನು ಹಾಕಿದರು. ಸಂಮೋಹನದ ತಿರುಳು ಸೂಚನೆ. ರೋಗಿಯ ಮನಸ್ಸು ಅದನ್ನು ಸ್ವೀಕರಿಸಿದರೆ ಮಾತ್ರ ಅದಕ್ಕೆ ಬಲ ಎಂದು ಅವರ ಪಂಥ ಸಾರಿತು. ಫಾರಿಯಾ ಹೇಳಿದುದೂ ಬಹುಮಟ್ಟಿಗೆ ಇದನ್ನೇ.

ಬೆರ್ನ್‌ಹೈಮನ ಗ್ರಂಥವನ್ನು ಜರ್ಮನ್ ಭಾಷೆಗೆ ಅನುವಾದಿಸಿ, ೧೮೮೯ರಲ್ಲಿ ನಾನ್ಸಿಗೂ ಹೋಗಿಬಂದವನು ಸಿಗ್ಮಂಡ್ ಫ್ರಾಯ್ಡ್. ಅವನು ಚುಟ್ಟದ ದಾಸ. ಮಿತ್ರನಾದ ವೈದ್ಯ ಫ್ಲೀಸ್ ಬಿಡೆಂದು ಹೇಳಿದನು. ಬಿಡಲು ಯತ್ನಿಸಿ ಮತ್ತೆ ಹಿಡಿದನು. ೧೯೨೩ರಲ್ಲಿ ಬಾಯಿಯ ಕ್ಯಾನ್ಸರ್ ಕಾಣಿಸಿಕೊಂಡಿತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದರೂ ಚುಟ್ಟವನ್ನು ತ್ಯಜಿಸಲಾಗಲಿಲ್ಲ, ೧೯೩೯ರಲ್ಲಿ ಮರಣಹೊಂದಿದನು. ಸಂಮೋಹನವನ್ನು ಅದರ ಕೇಂದ್ರದಲ್ಲಿಯೇ ಅಭ್ಯಸಿಸಿದ, ಮನಸ್ಸಿನ ಆಳವನ್ನು ಶೋಧಿಸುವುದನ್ನೇ ವೃತ್ತಿಯಾಗಿಸಿಕೊಂಡ ವ್ಯಕ್ತಿಯ ಗತಿಯೇ ಹೀಗಾದುದನ್ನು ನೆನೆದರೆ, ಚಟ ಬಿಡಲಾಗದವನನ್ನು ದುರ್ಬಲನೆಂದು ಹಳಿಯಲು ನಮ್ಮ ನಾಲಗೆ ಹಿಂಜರಿಯಬೇಕು.

೪

ಧೂಮಪಾನವು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಸ್ಥಿರಪಟ್ಟಿತು. ೧೯೫೦ರಲ್ಲಿ ಡಾಲ್ ಮತ್ತು ಹಿಲ್ ಅವರ ಸಂಶೋಧನೆ, ೧೯೬೨ರಲ್ಲಿ ಲಂಡನ್ನಿನ ವೈದ್ಯರ ರಾಯಲ್ ಕಾಲೇಜಿನ ವರದಿ, ೧೯೬೪ರಲ್ಲಿ ಅಮೆರಿಕದ ಸರ್ಜನ್ ಜನರಲ್ ಅವರ ವರದಿ: ಇವು ಆ ದಾರಿಯ ಮೈಲಿಗಲ್ಲುಗಳು. ಅದೇ ಕಾಲದಲ್ಲಿ ಸಂಮೋಹನವೂ ವೈದ್ಯಸಂಸ್ಥೆಗಳ ಮನ್ನಣೆಯನ್ನು ಪಡೆದಿತ್ತು. ೧೯೫೫ರಲ್ಲಿ ಬ್ರಿಟಿಷ್ ವೈದ್ಯಸಂಘ, ೧೯೫೮ರಲ್ಲಿ ಅಮೆರಿಕದ ವೈದ್ಯಸಂಘ ಅದರ ಉಪಯೋಗವನ್ನು ಅಂಗೀಕರಿಸಿದುವು. ಈ ಎರಡು ಪ್ರವಾಹಗಳ ಸಂಗಮದಲ್ಲಿ ಇಂದಿನ ಚಿಕಿತ್ಸೆ ರೂಪುಗೊಂಡಿತು.

ನ್ಯೂಯಾರ್ಕಿನ ಮನೋವೈದ್ಯ ಹರ್ಬರ್ಟ್ ಸ್ಪೀಗೆಲ್ ೧೯೭೦ರಲ್ಲಿ ಪ್ರಕಟಿಸಿದ ವಿಧಾನ ಹೆಸರಾದುದು. ಒಂದೇ ಭೇಟಿಯಲ್ಲಿ ರೋಗಿಗೆ ಸ್ವಸಂಮೋಹನವನ್ನು ಕಲಿಸಿ, ಹೊಗೆಯು ದೇಹಕ್ಕೆ ವಿಷ, ಬದುಕಲು ದೇಹ ಬೇಕು, ಆದ್ದರಿಂದ ಅದನ್ನು ಗೌರವಿಸಿ ಕಾಪಾಡಬೇಕು ಎಂಬ ಮೂರು ವಿಚಾರಗಳನ್ನು ಅವನು ದಿನವೂ ತಾನೇ ಮನನ ಮಾಡುವಂತೆ ಹೇಳಲಾಗುತ್ತಿತ್ತು. ಚಿಕಿತ್ಸೆ ಪಡೆದ ೬೧೫ ಜನರಲ್ಲಿ ಆರು ತಿಂಗಳ ಬಳಿಕ ಧೂಮಪಾನವಿಲ್ಲದೆ ಇದ್ದವರು ೧೨೧ ಮಂದಿ, ಐವರಲ್ಲಿ ಒಬ್ಬರು.

ಇದು ಹೆಚ್ಚೋ ಕಡಮೆಯೋ? ಆ ಅಂಕಿಯೊಂದರಿಂದಲೇ ಹೇಳಲಾಗದು. ಸಂಮೋಹನವಿಲ್ಲದೆ ಅಷ್ಟೇ ಕಾಲ, ಅಷ್ಟೇ ಆಸ್ಥೆಯಿಂದ ಮಾತನಾಡಿಸಿದ್ದರೆ ಎಷ್ಟು ಜನ ಬಿಡುತ್ತಿದ್ದರೆಂಬುದು ತಿಳಿದ ಹೊರತು ಹೋಲಿಕೆಗೆ ಆಧಾರವಿಲ್ಲ. ಪಾಸಿಯ ತೋಟದಲ್ಲಿ ಶಕ್ತಿ ತುಂಬದ ಮರಗಳು ಇದ್ದುದರಿಂದಲೇ ಸತ್ಯ ಹೊರಬಿದ್ದಿತೆಂಬುದನ್ನು ವಿದ್ಯಾರ್ಥಿಗಳು ನೆನೆಯಬೇಕು. ಹೋಲಿಕೆಯುಳ್ಳ ಪರೀಕ್ಷೆಗಳನ್ನು ಕಲೆಹಾಕಿ ಕಾಕ್ರೇನ್ ಸಂಸ್ಥೆಯು ೨೦೧೯ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ೧೪ ಅಧ್ಯಯನಗಳೂ ೧೯೨೬ ಜನರೂ ಸೇರಿದ್ದಾರೆ. ಇತರ ಬಗೆಯ ನೆರವಿಗಿಂತ ಸಂಮೋಹನ ಮೇಲೆಂದು ಹೇಳಲು ಸಾಕಷ್ಟು ಆಧಾರವಿಲ್ಲವೆಂಬುದು ಅದರ ನಿರ್ಣಯ. ವ್ಯರ್ಥವೆಂದು ಸಿದ್ಧವಾಗಿದೆಯೆಂದು ಇದರ ಅರ್ಥವಲ್ಲ; ಸಫಲವೆಂದು ಸಿದ್ಧವಾಗಿಲ್ಲ ಎಂದಷ್ಟೇ ಅರ್ಥ. ಇದಕ್ಕೆ ವ್ಯತಿರಿಕ್ತವಾಗಿ ನಿಕೋಟಿನ್ ಬದಲಿ ಚಿಕಿತ್ಸೆ, ಕೆಲವು ಔಷಧಗಳು ಮತ್ತು ಆಪ್ತಸಲಹೆ ಇಂಥ ಪರೀಕ್ಷೆಗಳಲ್ಲಿ ತಮ್ಮ ಗುಣವನ್ನು ತೋರಿಸಿಕೊಟ್ಟಿವೆ.

೫

ಈ ವಿವೇಚನೆ ಬರಿಯ ಕುತೂಹಲದ್ದಲ್ಲ. ೨೦೧೬–೧೭ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇಕಡ ೨೮.೬ ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ಒಂದೇ ಸಲಕ್ಕೆ ಖಂಡಿತವಾಗಿ ಬಿಡಿಸುವೆವೆಂಬ ಭರವಸೆಯನ್ನು ನಂಬಿ ಹಣ ತೆತ್ತವನು ಮತ್ತೆ ಬೀಡಿ ಹಚ್ಚಿದಾಗ ಕಳೆದುಕೊಳ್ಳುವುದು ಹಣವನ್ನು ಮಾತ್ರವಲ್ಲ. ತನ್ನಿಂದ ಆಗದೆಂಬ ಭಾವನೆ ಅವನಲ್ಲಿ ಬೇರೂರುತ್ತದೆ; ಗುಣವುಳ್ಳ ಬೇರೆ ಚಿಕಿತ್ಸೆಯ ಬಾಗಿಲಿಗೂ ಅವನು ಹೋಗದೆ ಇರಬಹುದು. ಸಂಮೋಹನವನ್ನು ನೆರವಾಗಿ ಬಳಸುವುದು ಬೇರೆ. ಮಾಂತ್ರಿಕ ಶಕ್ತಿಯೆಂದು ಮಾರುವುದು ಬೇರೆ.

ಪಣಜಿಯಲ್ಲಿ, ಒಂದು ಕಾಲಕ್ಕೆ ಬಿಜಾಪುರದ ಆದಿಲಶಾಹಿಗಳ ಅರಮನೆಯಾಗಿದ್ದ ಕಟ್ಟಡದ ಪಕ್ಕದಲ್ಲಿ, ೧೯೪೫ರಲ್ಲಿ ನಿಲ್ಲಿಸಿದ ಫಾರಿಯಾನ ಕಂಚಿನ ಪ್ರತಿಮೆಯಿದೆ. ಒರಗಿ ಬಿದ್ದ ಸ್ತ್ರೀಯೊಬ್ಬಳ ಮೇಲೆ ಪಾದ್ರಿಯು ಎರಡು ಕೈಗಳನ್ನೂ ಚಾಚಿ ನಿಂತಿದ್ದಾನೆ. ಶಕ್ತಿಯೆಲ್ಲ ಆ ಕೈಗಳಿಂದಲೇ ಹೊರಡುತ್ತಿರುವುದೋ ಎಂಬಂತೆ ನೋಡುವವರಿಗೆ ತೋರುತ್ತದೆ. ಫಾರಿಯಾ ಬೋಧಿಸಿದುದು ಇದಕ್ಕೆ ನೇರವಾಗಿ ವಿರುದ್ಧವಾದುದನ್ನು. ಆ ಮಾರ್ಗವಾಗಿ ಹೋಗುವ ನಮ್ಮ ವಿದ್ಯಾರ್ಥಿಗಳು ಪ್ರತಿಮೆಯ ಕೈಗಳನ್ನು ಕಂಡು ಬೆರಗಾಗುವುದರ ಜೊತೆಗೆ, ಅವನು ಹೇಳಿದ ಮಾತನ್ನೂ ನೆನಪಿಗೆ ತಂದುಕೊಂಡರೆ ಈ ಲೇಖನದ ಉದ್ದೇಶ ನೆರವೇರಿದಂತೆ.