ಸಸಿಮಡಿ ಮಾಡದ ಯಜಮಾನ

1926ರ ಅಕ್ಟೋಬರ್. ಅಮೆರಿಕದ ಮಿಸ್ಸಿಸಿಪ್ಪಿ ನದಿಯ ದಂಡೆಯಲ್ಲಿರುವ ಸೇಂಟ್ ಲೂಯಿಸ್ ನಗರಕ್ಕೆ ಬೇಸ್‌ಬಾಲ್‌ನ ಅತಿ ದೊಡ್ಡ ಹಣಾಹಣಿಯಾದ ವರ್ಲ್ಡ್ ಸೀರೀಸ್ ಬಂದಿತ್ತು. ಪಂದ್ಯಗಳು ನಡೆದ ಸ್ಪೋರ್ಟ್ಸ್‌ಮನ್ಸ್ ಪಾರ್ಕ್ ಕ್ರೀಡಾಂಗಣದ ಮಾಲೀಕ ಫಿಲ್ ಬಾಲ್. ಈ ದಿನ ಬಂದೇ ಬರುತ್ತದೆ ಎಂದು ನಂಬಿ ಅವನು ಲಕ್ಷಗಟ್ಟಲೆ ಡಾಲರ್ ಸುರಿದು, ಸುಮಾರು 18 ಸಾವಿರ ಜನ ಕೂರುತ್ತಿದ್ದ ಕ್ರೀಡಾಂಗಣವನ್ನು 30 ಸಾವಿರಕ್ಕೂ ಹೆಚ್ಚು ಜನ ಕೂರುವಂತೆ ಹಿಗ್ಗಿಸಿದ್ದ. 1926ರ ಹೊತ್ತಿಗೆ ಇಲ್ಲಿ ವರ್ಲ್ಡ್ ಸೀರೀಸ್ ನಡೆಯುತ್ತದೆ ಎಂದು ಹೇಳಿಯೂ ಇದ್ದ. ಮಾತು ನಿಜವಾಯಿತು. ಆದರೆ ಆಡಿದ್ದು ಅವನ ತಂಡವಲ್ಲ. ಅವನ ಸೇಂಟ್ ಲೂಯಿಸ್ ಬ್ರೌನ್ಸ್ ಆ ವರ್ಷ 62 ಪಂದ್ಯ ಗೆದ್ದು 92 ಸೋತು, ಎಂಟು ತಂಡಗಳ ಲೀಗಿನಲ್ಲಿ ಏಳನೆಯ ಸ್ಥಾನದಲ್ಲಿತ್ತು. ಅಲ್ಲಿ ಆಡಿ, ಕೊನೆಗೆ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಮಣಿಸಿದ್ದು ಅದೇ ಕ್ರೀಡಾಂಗಣದಲ್ಲಿ ಬಾಡಿಗೆಗಿದ್ದ ಕಾರ್ಡಿನಲ್ಸ್.

ಒಂದೇ ಊರು, ಒಂದೇ ಮೈದಾನ, ಒಂದೇ ಹುಲ್ಲು. ಆದರೂ ಬಾಡಿಗೆದಾರ ಬೆಳೆದ, ಮನೆಯ ಮಾಲೀಕ ಸೊರಗಿದ. ಇದು ಹೇಗಾಯಿತು?

ಆ ಕಾಲದ ವ್ಯವಸ್ಥೆಯನ್ನು ಮೊದಲು ತಿಳಿದುಕೊಳ್ಳಬೇಕು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಮೇಲಿನ ಹಂತದಲ್ಲಿ ಎರಡು ಲೀಗ್‌ಗಳಿದ್ದವು, ಒಂದೊಂದರಲ್ಲಿ ಎಂಟು ತಂಡ. ಬ್ರೌನ್ಸ್ ಅಮೆರಿಕನ್ ಲೀಗಿನದು, ಕಾರ್ಡಿನಲ್ಸ್ ನ್ಯಾಷನಲ್ ಲೀಗಿನದು. ಎರಡೂ ಲೀಗುಗಳ ವಿಜೇತರು ಋತುವಿನ ಕೊನೆಗೆ ವರ್ಲ್ಡ್ ಸೀರೀಸ್‌ನಲ್ಲಿ ಎದುರಾಗುತ್ತಿದ್ದರು. ಇವುಗಳ ಕೆಳಗೆ ಸಣ್ಣ ಪಟ್ಟಣಗಳಲ್ಲಿ ಹರಡಿಕೊಂಡಿದ್ದ ಮೈನರ್ ಲೀಗ್‌ಗಳು. ಹಳ್ಳಿಯ ಹುಡುಗರು ಅಲ್ಲಿ ಪಳಗುತ್ತಿದ್ದರು. ಅಲ್ಲಿನ ತಂಡದ ಒಡೆಯರು ಪಳಗಿದವರನ್ನು ಮೇಲಿನ ತಂಡಗಳಿಗೆ ಮಾರುತ್ತಿದ್ದರು. ಹಣವಿದ್ದವನಿಗೆ ಒಳ್ಳೆಯ ಆಟಗಾರ, ಇಲ್ಲದವನಿಗೆ ಉಳಿದವನು.

ಈ ಪದ್ಧತಿಯನ್ನು ಬುಡಮೇಲು ಮಾಡಿದವನು ಬ್ರಾಂಚ್ ರಿಕಿ. ನಮ್ಮ ಕಥೆಯ ನೋವಿನ ಎಳೆ ಇರುವುದು ಇಲ್ಲೇ: ರಿಕಿ ಮೊದಲು ಇದ್ದದ್ದು ಬ್ರೌನ್ಸ್‌ನಲ್ಲಿ. ಅಂದಿನ ಮಾಲೀಕ ರಾಬರ್ಟ್ ಹೆಜಸ್ 1913ರಲ್ಲಿ ಅವನನ್ನು ಕರೆತಂದು ತಂಡದ ಹೊಣೆ ವಹಿಸಿದ. ಕಾನೂನು ಓದಿದ್ದ ರಿಕಿ ಮೈದಾನವನ್ನು ಪಾಠಶಾಲೆಯಂತೆ ಕಂಡ. 1914ರ ತರಬೇತಿ ಶಿಬಿರದಲ್ಲಿ ಮರಳಿನ ಗುಂಡಿ ತೋಡಿಸಿ, ಜಾರಿ ಬೇಸ್ ಮುಟ್ಟುವುದನ್ನು ಅಭ್ಯಾಸ ಮಾಡಿಸಿದ. ಕಪ್ಪುಹಲಗೆಯ ಮುಂದೆ ಕೂರಿಸಿ ಪಾಠ ಹೇಳಿದ. ಆಗಿನ ಅನೇಕರಿಗೆ ಇದು ನಗೆಪಾಟಲು. ಹುಟ್ಟಿನಿಂದ ಬರಬೇಕಾದ್ದನ್ನು ಹಲಗೆಯ ಮೇಲೆ ಬರೆದು ಕಲಿಸುವುದುಂಟೆ ಎಂಬ ಭಾವ. ಆದರೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ತಾನೇ ತರಬೇತಿ ಕೊಟ್ಟಿದ್ದ ಜಾರ್ಜ್ ಸಿಸ್ಲರ್ ಎಂಬ ಹುಡುಗನನ್ನು 1915ರಲ್ಲಿ ಬ್ರೌನ್ಸ್‌ಗೆ ತಂದವನೂ ಅವನೇ. ಮುಂದೆ ಸಿಸ್ಲರ್ ಆ ತಂಡದ ಇತಿಹಾಸದಲ್ಲೇ ಶ್ರೇಷ್ಠ ಆಟಗಾರನಾದ.

ಫಿಲ್ ಬಾಲ್ ಬಂದದ್ದು ಈ ಹೊತ್ತಿನಲ್ಲಿ. ಐಸ್ ತಯಾರಿಸುವ ಯಂತ್ರಗಳ ವ್ಯಾಪಾರದಲ್ಲಿ ದುಡ್ಡು ಮಾಡಿದ್ದವನು. ದೊಡ್ಡ ಲೀಗುಗಳಿಗೆ ಸಡ್ಡು ಹೊಡೆದು ಹುಟ್ಟಿದ್ದ ಫೆಡರಲ್ ಲೀಗ್‌ನಲ್ಲಿ ಒಂದು ತಂಡ ನಡೆಸುತ್ತಿದ್ದ. 1915ರ ಕೊನೆಗೆ ಆ ಲೀಗ್ ಮುಚ್ಚಿ ರಾಜಿಯಾದಾಗ ಬ್ರೌನ್ಸ್ ಅವನ ಕೈಸೇರಿತು. ಬಂದವನೇ ತಂಡದ ಚುಕ್ಕಾಣಿಯನ್ನು ರಿಕಿಯಿಂದ ತೆಗೆದು ತನ್ನ ಹಳೆಯ ತಂಡದ ಫೀಲ್ಡರ್ ಜೋನ್ಸ್‌ಗೆ ಕೊಟ್ಟ. ರಿಕಿ ಕಚೇರಿಯ ಕೆಲಸಕ್ಕೆ ಸರಿದ. 1917ರಲ್ಲಿ ಕಾರ್ಡಿನಲ್ಸ್ ಅವನನ್ನು ಅಧ್ಯಕ್ಷನಾಗಿ ಬಾ ಎಂದು ಕರೆಯಿತು. ಬಾಲ್ ತಡೆಯಲು ಕೋರ್ಟಿನ ಮೆಟ್ಟಿಲು ಹತ್ತಿದರೂ ರಿಕಿ ಹೋದ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತಿದೆಯಲ್ಲ, ಇಲ್ಲಿ ಆ ಗಿಡ ಪಕ್ಕದ ಹಿತ್ತಲಿಗೇ ಹೋಗಿ ಮರವಾಯಿತು.

ಕಾರ್ಡಿನಲ್ಸ್ ಆಗ ಬಡ ತಂಡ. ಬೆಂಕಿ ತಗುಲಿದರೆ ಉರಿದುಹೋಗುವಂತಹ ಮರದ ಆಸನಗಳ ಹಳೆಯ ಮೈದಾನ, ತಲೆಯ ಮೇಲೆ ಸಾಲ. ಮೋಟಾರು ಕಾರಿನ ವ್ಯಾಪಾರಿ ಸ್ಯಾಮ್ ಬ್ರೆಡನ್ 1920ರಲ್ಲಿ ಅದರ ಅಧ್ಯಕ್ಷನಾದ ಮೇಲೆ ಬಾಲ್‌ನ ಬಳಿ ಹೋಗಿ, ನಿಮ್ಮ ಕ್ರೀಡಾಂಗಣದಲ್ಲಿ ಬಾಡಿಗೆಗೆ ಜಾಗ ಕೊಡಿ ಎಂದು ಕೇಳಿದ. ಮೊದಲು ಒಲ್ಲೆನೆಂದ ಬಾಲ್ ಆಮೇಲೆ ಒಪ್ಪಿದ. ಬಾಡಿಗೆ ಕೈಗೆ ಬಂತು, ಸಂತೋಷವಾಗಿರಬೇಕು. ಆದರೆ ಹಳೆಯ ಮೈದಾನ ಖಾಲಿಯಾದ್ದರಿಂದ ಕಾರ್ಡಿನಲ್ಸ್ ಅದನ್ನು ಮಾರಿತು. ಶಾಲೆ ಕಟ್ಟಲು 2 ಲಕ್ಷ ಡಾಲರ್, ಟ್ರಾಮ್ ಕಂಪನಿಯಿಂದ 75 ಸಾವಿರ. ಈ ಹಣದಿಂದ ಸಾಲ ತೀರಿತು. ಉಳಿದದ್ದು ಮೈನರ್ ಲೀಗ್ ತಂಡಗಳಲ್ಲಿ ಪಾಲು ಕೊಳ್ಳಲು ಹೋಯಿತು: ಹ್ಯೂಸ್ಟನ್, ಫೋರ್ಟ್ ಸ್ಮಿತ್, ಸಿರಕ್ಯೂಸ್.

ಮಾರುಕಟ್ಟೆಯಲ್ಲಿ ಕೊಳ್ಳಲಾಗದಿದ್ದರೆ ನಾವೇ ಬೆಳೆಯೋಣ ಎಂಬುದು ರಿಕಿಯ ಲೆಕ್ಕ. ಅಮೆರಿಕನ್ನರು ಇದಕ್ಕೆ 'ಫಾರ್ಮ್ ಸಿಸ್ಟಮ್' ಎಂದು ಹೆಸರಿಟ್ಟರು. ನಮ್ಮ ಭತ್ತದ ರೈತರ ಮಾತಿನಲ್ಲಿ ಹೇಳುವುದಾದರೆ ಸಸಿಮಡಿ. ಊರೂರಿನಲ್ಲಿ ಹುಡುಗರನ್ನು ಪರೀಕ್ಷಿಸಿ ಆರಿಸುವುದು, ಕೆಳಗಿನ ತಂಡದಲ್ಲಿ ನೆಡುವುದು, ಕಲಿಸುವುದು, ಬಲಿತವರನ್ನು ಒಂದೊಂದೇ ಮಡಿಯಿಂದ ಮೇಲಕ್ಕೆ ತರುವುದು. 1930ರ ದಶಕದ ಕೊನೆಗೆ ಕಾರ್ಡಿನಲ್ಸ್ ಹತೋಟಿಯಲ್ಲಿ 30ಕ್ಕೂ ಹೆಚ್ಚು ತಂಡಗಳೂ 600ಕ್ಕೂ ಹೆಚ್ಚು ಆಟಗಾರರೂ ಇದ್ದರು. 1926ರಿಂದ 1946ರ ನಡುವೆ ಆ ತಂಡ ಒಂಬತ್ತು ಸಲ ಲೀಗ್ ಗೆದ್ದು, ಆರು ಸಲ ವರ್ಲ್ಡ್ ಸೀರೀಸ್ ಗೆದ್ದಿತು.

ಬೆಳೆಸುವುದು ಎಂದರೇನು ಎಂಬುದಕ್ಕೆ ಒಬ್ಬ ಹುಡುಗನನ್ನು ನೋಡಿದರೆ ಸಾಕು. ಪೆನ್ಸಿಲ್ವೇನಿಯಾದ ಡೊನೋರಾ ಎಂಬ ಉಕ್ಕಿನ ಕಾರ್ಖಾನೆಯ ಊರಿನಿಂದ ಸ್ಟ್ಯಾನ್ ಮ್ಯೂಸಿಯಲ್ 1938ರಲ್ಲಿ ಕಾರ್ಡಿನಲ್ಸ್ ಬಳಗಕ್ಕೆ ಬಂದದ್ದು ಪಿಚರ್ ಆಗಿ, ಅಂದರೆ ಚೆಂಡೆಸೆಯುವವನಾಗಿ. 1940ರಲ್ಲಿ ಡೇಟೋನಾ ಬೀಚ್‌ನ ತಂಡದಲ್ಲಿದ್ದಾಗ ಕ್ಯಾಚ್ ಹಿಡಿಯಲು ಹೋಗಿ ಬಿದ್ದು ಎಡಭುಜಕ್ಕೆ ಪೆಟ್ಟು ಮಾಡಿಕೊಂಡ. ಎಸೆಯುವ ಕೈಯೇ ಅದು. ಬೇರೆಡೆಯಾಗಿದ್ದರೆ ಮನೆಗೆ ಹೋಗಬೇಕಾಗುತ್ತಿತ್ತು. ಆ ತಂಡದ ಮ್ಯಾನೇಜರ್ ಡಿಕಿ ಕೆರ್ ಅವನನ್ನೂ ಬಸುರಿ ಹೆಂಡತಿಯನ್ನೂ ತನ್ನ ಮನೆಯಲ್ಲಿ ಇಟ್ಟುಕೊಂಡು ಧೈರ್ಯ ತುಂಬಿದ. ಎಸೆಯುವ ಹುಡುಗ ಬ್ಯಾಟ್ ಹಿಡಿಯುವವನಾದ. 1941ರ ಸೆಪ್ಟೆಂಬರಿನಲ್ಲಿ ಮೇಲಿನ ತಂಡಕ್ಕೆ ಬಂದು, 1963ರವರೆಗೆ ಕಾರ್ಡಿನಲ್ಸ್ ಪರವಾಗಿಯೇ ಆಡಿ 3,630 ಹಿಟ್ ಬಾರಿಸಿದ. ಈ ಬೆಳವಣಿಗೆ ಯಾವ ಗ್ಯಾಲರಿಯಲ್ಲಿ ಕೂತವರಿಗೂ ಕಾಣುವಂತಹದ್ದಲ್ಲ.

ಇತ್ತ ಬ್ರೌನ್ಸ್ 1922ರಲ್ಲಿ ಶಿಖರದ ಹತ್ತಿರ ಬಂದಿತ್ತು. ಸಿಸ್ಲರ್‌ನ ಬ್ಯಾಟಿಂಗ್ ಸರಾಸರಿ ಆ ವರ್ಷ .420. ಬೇಸ್‌ಬಾಲ್‌ನಲ್ಲಿ .300 ದಾಟಿದವನನ್ನೇ ಒಳ್ಳೆಯ ಬ್ಯಾಟರ್ ಎನ್ನುತ್ತಾರೆ. ಕೆನ್ ವಿಲಿಯಮ್ಸ್ 39 ಹೋಮ್ ರನ್ ಹೊಡೆದ. ಅರ್ಬನ್ ಶಾಕರ್ ಚೆಂಡೆಸೆದು 24 ಪಂದ್ಯ ಗೆಲ್ಲಿಸಿದ. ಆದರೂ ಒಂದೇ ಒಂದು ಪಂದ್ಯದ ಅಂತರದಲ್ಲಿ ಲೀಗ್ ಯಾಂಕೀಸ್ ಪಾಲಾಯಿತು. ಮರುವರ್ಷ ಸೈನಸ್ ಸೋಂಕಿನಿಂದ ಸಿಸ್ಲರ್‌ನ ದೃಷ್ಟಿಗೆ ತೊಂದರೆಯಾಗಿ ಇಡೀ ಋತು ಆಡಲಾಗಲಿಲ್ಲ. ತಂಡ ಐದನೆಯ ಸ್ಥಾನಕ್ಕೆ ಇಳಿಯಿತು. ಒಬ್ಬನ ಕಣ್ಣು ಮಂಜಾದದ್ದಕ್ಕೆ ಇಡೀ ತಂಡ ತಡವರಿಸಿತು, ಏಕೆಂದರೆ ಅವನ ಹಿಂದೆ ಬಲಿಯುತ್ತಿದ್ದ ಇನ್ನೊಬ್ಬನಿರಲಿಲ್ಲ. ಶಾಕರ್‌ನನ್ನು ಯಾಂಕೀಸ್‌ಗೆ ಕೊಡಲಾಯಿತು. 1926ರಲ್ಲಿ ಅವನು ಅಲ್ಲಿ 19 ಪಂದ್ಯ ಗೆದ್ದ. ಸಿಸ್ಲರ್ ಕೂಡ 1927ರ ಋತು ಮುಗಿದ ಮೇಲೆ ವಾಷಿಂಗ್ಟನ್‌ಗೆ ಮಾರಾಟವಾದ. ಆದರೆ ಕ್ರೀಡಾಂಗಣ ಮಾತ್ರ ದೊಡ್ಡದಾಯಿತು.

ಬಾಲ್‌ನನ್ನು ಜಿಪುಣನೆನ್ನಲಾಗದು. ಅಷ್ಟು ದೊಡ್ಡ ಕ್ರೀಡಾಂಗಣ ಕಟ್ಟಿದವನು ಹೇಗೆ ಜಿಪುಣನಾದಾನು? ಅವನ ಕೈಯಲ್ಲೂ ಕೆಲವು ಮೈನರ್ ತಂಡಗಳಿದ್ದವು. ಆದರೆ ಅವನ್ನು ಬಳಸಿದ ಬಗೆ ಬೇರೆ. ಫ್ರೆಡ್ ಬೆನೆಟ್ ಎಂಬ ಆಟಗಾರನನ್ನು ತನ್ನ ಹತೋಟಿಯ ತಂಡಗಳ ನಡುವೆ ಓಡಾಡಿಸುತ್ತಾ, ಮೇಲಕ್ಕೂ ತರದೆ ಬೇರೆಯವರಿಗೂ ಬಿಡದೆ ಇಟ್ಟುಕೊಂಡಾಗ, ಬೇಸ್‌ಬಾಲ್ ಆಯುಕ್ತ ಲ್ಯಾಂಡಿಸ್ ಆಕ್ಷೇಪಿಸಿದ. ಬಾಲ್ ಮತ್ತೆ ಕೋರ್ಟಿಗೆ ಹೋದ; 1931ರಲ್ಲಿ ಸೋತ. ಆಟಗಾರರನ್ನು ಕೂಡಿಡುವುದು ಬೇರೆ, ಬೆಳೆಸುವುದು ಬೇರೆ.

ಹಾಗೆಂದು ರಿಕಿಯ ಸಸಿಮಡಿಯನ್ನು ನಂದನವನವೆಂದು ಭಾವಿಸಬೇಕಿಲ್ಲ. ಒಮ್ಮೆ ಸಹಿ ಹಾಕಿದ ಹುಡುಗ ತಂಡ ಬಿಡುವವರೆಗೆ ಅದರ ಸೊತ್ತು. ಸಂಬಳ ಕಡಿಮೆ, ನೂರಾರು ಮಂದಿಯ ನಡುವೆ ಮೇಲೇರುವವರು ಬೆರಳೆಣಿಕೆ. ಆಟಗಾರರೇ ಇದನ್ನು ಸಂಕೋಲೆಗೆ ಕಟ್ಟಿದ ಕೈದಿಗಳ ಸಾಲಿಗೆ ಹೋಲಿಸುತ್ತಿದ್ದರು. 1938ರಲ್ಲಿ ಲ್ಯಾಂಡಿಸ್ ಕಾರ್ಡಿನಲ್ಸ್ ಹತೋಟಿಯಲ್ಲಿದ್ದ 70ಕ್ಕೂ ಹೆಚ್ಚು ಹುಡುಗರನ್ನು ಬಿಡುಗಡೆ ಮಾಡಿಸಿದ. ಬೆಳೆಸುವವನೂ ಕೊನೆಗೆ ಬೆಳೆಯ ಲಾಭ ನೋಡುವವನೇ. ಆದರೆ ಆ ಲಾಭಕ್ಕಾಗಿಯಾದರೂ ಅವನು ಹುಡುಗನಿಗೆ ಏನನ್ನೋ ಕಲಿಸುತ್ತಿದ್ದ.

ಬಾಲ್ 1933ರಲ್ಲಿ ತೀರಿಕೊಂಡ. 1935ರ ಇಡೀ ಋತುವಿನಲ್ಲಿ ಬ್ರೌನ್ಸ್ ಆಟ ನೋಡಲು ಬಂದವರು 80,922 ಮಂದಿ, ಅಂದರೆ ದಿನಕ್ಕೆ ಸಾವಿರದ ಆಸುಪಾಸು. 30 ಸಾವಿರ ಆಸನಗಳ ನಡುವೆ ಸಾವಿರ ಜನ! 1936ರಲ್ಲಿ ಹೊಸ ಮಾಲೀಕ ಬಂದ. ರಿಕಿಯ ಕೈಕೆಳಗೆ ಪಳಗಿದ್ದ ಬಿಲ್ ಡಿವಿಟ್ ಕಚೇರಿ ನೋಡಿಕೊಂಡ. ತಡವಾಗಿಯಾದರೂ ಸಸಿಮಡಿ ಶುರುವಾಯಿತು. ಯುದ್ಧದಿಂದಾಗಿ ಉಳಿದ ತಂಡಗಳು ಸೊರಗಿದ್ದ 1944ರಲ್ಲಿ ಬ್ರೌನ್ಸ್ ಮೊದಲ ಮತ್ತು ಕೊನೆಯ ಬಾರಿ ಲೀಗ್ ಗೆದ್ದಿತು. ವರ್ಲ್ಡ್ ಸೀರೀಸ್‌ನಲ್ಲಿ ಎದುರಾಳಿ ಯಾರು? ಅದೇ ಬಾಡಿಗೆದಾರ. ಆರು ಪಂದ್ಯಗಳೂ ಅದೇ ಮೈದಾನದಲ್ಲಿ ನಡೆದವು; ಕಾರ್ಡಿನಲ್ಸ್ 4-2ರಿಂದ ಗೆದ್ದಿತು.

ಮುಂದಿನ ಮಾಲೀಕ ರಿಚರ್ಡ್ ಮಕರ್ಮನ್ ಹಳೆಯ ದಾರಿಗೇ ಮರಳಿದ. ಬಾಲ್‌ನ ವಾರಸುದಾರರಿಂದ ಕ್ರೀಡಾಂಗಣ ಕೊಂಡ. 1947ರ ಕೊನೆಗೆ, ತಂಡವೇ ಬೆಳೆಸಿದ್ದ ವರ್ನ್ ಸ್ಟೀಫನ್ಸ್‌ನನ್ನು ಬೋಸ್ಟನ್‌ಗೆ ಮಾರಲಾಯಿತು.

ಅದೇ 1947ರಲ್ಲಿ ನಡೆದ ಇನ್ನೊಂದು ಸಂಗತಿ ಹೆಚ್ಚು ಕಾಡುತ್ತದೆ. ಆ ಹೊತ್ತಿಗೆ ಬ್ರೂಕ್ಲಿನ್‌ಗೆ ಹೋಗಿದ್ದ ರಿಕಿ ಜಾಕಿ ರಾಬಿನ್‌ಸನ್‌ನನ್ನು ಕಣಕ್ಕಿಳಿಸಿ, ಕರಿಯ ಆಟಗಾರರಿಗೆ ಮುಚ್ಚಿದ್ದ ಬಾಗಿಲನ್ನು ತೆರೆದ. ಅದಕ್ಕೆ ಮುಂಚೆ 1946ರ ಇಡೀ ಋತು ರಾಬಿನ್‌ಸನ್‌ನನ್ನು ಮಾಂಟ್ರಿಯಲ್‌ನ ತಂಡದಲ್ಲಿ ಆಡಿಸಿ ಅಣಿಗೊಳಿಸಿದ್ದ. ಬ್ರೌನ್ಸ್ ಅದೇ ಜುಲೈನಲ್ಲಿ ಹ್ಯಾಂಕ್ ಥಾಂಪ್ಸನ್ ಮತ್ತು ವಿಲರ್ಡ್ ಬ್ರೌನ್ ಎಂಬ ಇಬ್ಬರು ಕರಿಯ ಆಟಗಾರರನ್ನು ಯಾವ ತಯಾರಿಯೂ ಇಲ್ಲದೆ ನೇರವಾಗಿ ಮೈದಾನಕ್ಕೆ ಇಳಿಸಿತು. ಒಂದು ತಿಂಗಳು ಚಿಲ್ಲರೆ ದಿನಗಳಲ್ಲಿ ಇಬ್ಬರನ್ನೂ ಕೈಬಿಟ್ಟಿತು. ಅಷ್ಟರಲ್ಲೇ ವಿಲರ್ಡ್ ಬ್ರೌನ್, ಅಮೆರಿಕನ್ ಲೀಗಿನಲ್ಲಿ ಹೋಮ್ ರನ್ ಹೊಡೆದ ಮೊದಲ ಕರಿಯ ಆಟಗಾರನಾಗಿದ್ದ. ಅವನಿಗೆ ಮೇಲಿನ ಲೀಗಿನಲ್ಲಿ ಮತ್ತೆ ಅವಕಾಶ ಸಿಗಲಿಲ್ಲ. 2006ರಲ್ಲಿ, ಅವನು ತೀರಿಕೊಂಡ ಮೇಲೆ, ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಥಾಂಪ್ಸನ್ ನ್ಯೂಯಾರ್ಕ್ ಜೈಂಟ್ಸ್‌ಗೆ ಹೋಗಿ 1954ರ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದ.

1951ರಲ್ಲಿ ತಂಡ ಕೊಂಡ ಬಿಲ್ ವೀಕ್ ಜನ ಸೇರಿಸಲು ಎಲ್ಲ ಕಸರತ್ತು ಮಾಡಿದ. ಮೂರು ಅಡಿ ಏಳು ಇಂಚಿನ ಎಡ್ಡಿ ಗೇಡಲ್‌ನನ್ನು ಒಮ್ಮೆ ಬ್ಯಾಟಿಂಗ್‌ಗೆ ಇಳಿಸಿ ದೇಶವನ್ನೇ ನಗಿಸಿದ. ನಗುವಿನಿಂದ ತಂಡ ಉಳಿಯಲಿಲ್ಲ. 1953ರಲ್ಲಿ ಕ್ರೀಡಾಂಗಣವನ್ನು ಕಾರ್ಡಿನಲ್ಸ್‌ನ ಹೊಸ ಮಾಲೀಕರಿಗೆ 8 ಲಕ್ಷ ಡಾಲರಿಗೆ ಮಾರಬೇಕಾಯಿತು. ಬಾಡಿಗೆದಾರ ಮಾಲೀಕನಾದ, ಮಾಲೀಕ ಊರು ಬಿಟ್ಟ. 1954ರಿಂದ ಬ್ರೌನ್ಸ್ ಇಲ್ಲ. ಬಾಲ್ಟಿಮೋರ್ ಓರಿಯೋಲ್ಸ್ ಎಂಬ ತಂಡವಿದೆ.

ಸೇಂಟ್ ಲೂಯಿಸ್‌ನ ಕೊನೆಯ ವರ್ಷ ಬ್ರೌನ್ಸ್ ಗೆದ್ದದ್ದು 54, ಸೋತದ್ದು 100. ಬಾಲ್ಟಿಮೋರ್‌ನ ಮೊದಲ ವರ್ಷವೂ ಅದೇ ಲೆಕ್ಕ: 54 ಮತ್ತು 100. ಊರು ಬದಲಾದರೆ ಹಣೆಬರಹ ಬದಲಾಗದು ಎಂಬಂತೆ. ಆದರೆ ಪಾಲ್ ರಿಚರ್ಡ್ಸ್ ಬಂದು, ಕೆಳಗಿನ ತಂಡಗಳಿಂದ ಹಿಡಿದು ಮೇಲಿನವರೆಗೆ ಎಲ್ಲರಿಗೂ ಒಂದೇ ರೀತಿಯಲ್ಲಿ ಆಟ ಕಲಿಸುವ ಪದ್ಧತಿ ತಂದ. 1955ರಲ್ಲಿ ಆಗತಾನೇ ಹೈಸ್ಕೂಲು ಮುಗಿಸಿದ ಬ್ರೂಕ್ಸ್ ರಾಬಿನ್‌ಸನ್ ಎಂಬ ಹುಡುಗ ತಂಡದ ಸಹಿ ಪಡೆದ. ಹನ್ನೊಂದು ವರ್ಷ ಕಾಯಬೇಕಾಯಿತು. 1966ರ ವರ್ಲ್ಡ್ ಸೀರೀಸ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ವಿರುದ್ಧ ಓರಿಯೋಲ್ಸ್ 4-0ರಿಂದ ಗೆದ್ದಿತು. ಕೊನೆಯ ಮೂರು ಪಂದ್ಯಗಳಲ್ಲಿ ಎದುರಾಳಿಗೆ ಒಂದೂ ರನ್ ಕೊಡದೆ ಚೆಂಡೆಸೆದವರು ಜಿಮ್ ಪಾಮರ್, ವಾಲಿ ಬಂಕರ್, ಡೇವ್ ಮೆಕ್‌ನಲಿ. ವಯಸ್ಸು 20, 21, 23. ಮೂವರೂ ಆ ತಂಡವೇ ಬೆಳೆಸಿದ ಹುಡುಗರು.

ಬ್ರೌನ್ಸ್‌ಗೆ ಸೇಂಟ್ ಲೂಯಿಸ್‌ನಲ್ಲಿ 52 ವರ್ಷ ಸಿಕ್ಕಿತ್ತು. ರಿಕಿ ಅವರ ಮನೆಯಲ್ಲೇ ಇದ್ದ, ಮರಳಿನ ಗುಂಡಿಯೂ ಕಪ್ಪುಹಲಗೆಯೂ ಅವರ ಶಿಬಿರದಲ್ಲೇ ಇದ್ದವು. ಸ್ಪೋರ್ಟ್ಸ್‌ಮನ್ಸ್ ಪಾರ್ಕನ್ನು 1966ರಲ್ಲೇ ಕೆಡವಿದರು. ಬಾಲ್ ಕಟ್ಟಿಸಿದ ಗ್ಯಾಲರಿಗಳು ನೆಲಸಮವಾದ ಆ ವರ್ಷವೇ, ಅವನ ತಂಡ ಬೇರೊಂದು ಊರಿನಲ್ಲಿ, ಬೇರೊಂದು ಹೆಸರಿನಲ್ಲಿ, ಮೊದಲ ಬಾರಿ ವರ್ಲ್ಡ್ ಸೀರೀಸ್ ಗೆದ್ದಿತು.