ಹೆಂಚಿನ ಮೇಲೆ ಓದಿದ ಊರು

ಮಂಗಳೂರಿನ ಹೆಸರನ್ನು ನಾನು ಮೊದಲು ಓದಿದ್ದು ಪಠ್ಯಪುಸ್ತಕದಲ್ಲಲ್ಲ, ಹೆಂಚಿನ ಮೇಲೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಸೀಮೆಯ ನಮ್ಮ ಅಜ್ಜನ ಕಾಲದ ಮನೆಯಲ್ಲಿ ರಾತ್ರಿ ಅಂಗಾತ ಮಲಗಿದರೆ, ಲಾಟೀನಿನ ಬೆಳಕಿನಲ್ಲಿ ಹೆಂಚುಗಳ ಒಳಮೈಯ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಬಾಸೆಲ್ ಮಿಷನ್, ಮಂಗಳೂರು. ಸಮುದ್ರವನ್ನು ಚಿತ್ರದಲ್ಲಿ ಮಾತ್ರ ಕಂಡಿದ್ದ ಹುಡುಗನಿಗೆ ಅದೊಂದು ದೂರದೇಶದ ವಿಳಾಸದಂತೆ ತೋರುತ್ತಿತ್ತು.

ಮುಂದೆ ಬಿ.ಎಡ್. ಮುಗಿಸಿ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತಿದ್ದಾಗ, ಮಿಷನರಿಗಳ ಪಾಠ ಬಂದೊಡನೆ ಈ ಹೆಂಚಿನ ಕಥೆಯನ್ನು ಉತ್ಸಾಹದಿಂದ ಹೇಳುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ನೀವು ಮಂಗಳೂರು ನೋಡಿದ್ದೀರಾ?" ಎಂದು ಕೇಳಿದ. ನೋಡಿರಲಿಲ್ಲ. ಹಲವು ವರ್ಷ ಕಾಣದ ಊರಿನ ಬಗ್ಗೆ ಕಂಡವನಂತೆ ಪಾಠ ಮಾಡಿದ್ದೆನೆಂಬುದು ಆ ದಿನ ನನ್ನನ್ನು ಚುಚ್ಚಿತು. ಶಿರಾಡಿ ಘಾಟಿಯಿಳಿದು ಆ ಊರಿಗೆ ಮೊದಲು ಹೋದದ್ದು ಅದಾದ ಮೇಲೆಯೇ. ಆದರೆ ಬೀದಿ ಬೀದಿ ತಿರುಗುವ ಅವಕಾಶ ದೊರೆತದ್ದು ನಿವೃತ್ತಿಯ ನಂತರ, ಮಗಳು ಅಲ್ಲಿಯ ಪದವಿನಂಗಡಿಯಲ್ಲಿ ಮನೆ ಮಾಡಿದಾಗ.

ಆ ಬಡಾವಣೆಯ ಹೆಸರನ್ನೇ ನೋಡಿ. ಕರಾವಳಿಯಲ್ಲಿ ಪದವು ಎಂದರೆ ಎತ್ತರದ, ಮುರಕಲ್ಲಿನ ಬಯಲು. ಪದವಿನ ಮೇಲೆ ಅಂಗಡಿಯಿದ್ದುದರಿಂದ ಪದವಿನಂಗಡಿ. ಕೊಡಿಯಾಲಬೈಲಿನ ಬೈಲು ಗದ್ದೆಯ ನೆಲ. ಹೊಯಿಗೆಬಜಾರಿನ ಹೊಯಿಗೆ ಎಂದರೆ ಮರಳು. ಗದ್ದೆಯ ಮೇಲೆ ಈಗ ಬಹುಮಹಡಿ ಕಟ್ಟಡಗಳೆದ್ದಿವೆ. ಹೆಸರು ಮಾತ್ರ ಇನ್ನೂ ನೆಲದ ಗುಣವನ್ನು ಹೇಳುತ್ತಿದೆ. ಊರಿಗಾದರೂ ಒಂದೇ ಹೆಸರೇ? ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರ. ಸಿಟಿ ಬಸ್ಸಿನ ಒಂದೇ ಸೀಟಿನಲ್ಲಿ ಕುಳಿತ ಇಬ್ಬರು ಒಂದೇ ಊರಿಗೆ ಎರಡು ಹೆಸರು ಹೇಳುವುದನ್ನು ನಾನೇ ಕೇಳಿದ್ದೇನೆ.

ನಗರದ ನಡುಭಾಗ ಹಂಪನಕಟ್ಟೆ. ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣ ಎಂಬವನ ಕಟ್ಟೆಯೇ ಹೀಗಾಯಿತೆಂಬುದು ಜನರ ಮಾತು. ಕೆಲವು ವರ್ಷಗಳ ಹಿಂದೆ ರಸ್ತೆ ಕಾಮಗಾರಿ ನಡೆದಾಗ ಅಲ್ಲಿಯೇ ಹಳೆಯ ಬಾವಿಯೊಂದು ಬೆಳಕಿಗೆ ಬಂದು, ಆ ಮಾತಿಗೆ ಹೊಸ ಜೀವ ಬಂದಿತು. ಅಲ್ಲಿಂದ ಹೊರಡುವ ಕೆ.ಎಸ್. ರಾವ್ ರಸ್ತೆ ಬಟ್ಟೆಬರೆ, ಮೊಬೈಲು, ಮಾಲ್‌ಗಳ ಝಗಮಗ. ಸಂಜೆಯ ಹೊತ್ತು ಕಾಲಿಡಲು ಸ್ಥಳವಿಲ್ಲ. ಒಬ್ಬ ಕಾಲೇಜು ಯುವಕನನ್ನು ಕೆ.ಎಸ್. ರಾವ್ ಯಾರೆಂದು ವಿಚಾರಿಸಿದೆ. "ಗೊತ್ತಿಲ್ಲ ಅಂಕಲ್, ಯಾರೋ ದೊಡ್ಡ ಬಿಸಿನೆಸ್‌ನವರಿರಬೇಕು" ಎಂದ. ಕಾರ್ನಾಡ್ ಸದಾಶಿವರಾಯರು (1881–1937) ವಕೀಲರು, ಶ್ರೀಮಂತ ಮನೆತನದವರು; ಸ್ವಾತಂತ್ರ್ಯ ಚಳವಳಿಗೂ ಸಮಾಜಸೇವೆಗೂ ಇದ್ದುದೆಲ್ಲವನ್ನೂ ಕೊಟ್ಟು, ಬರಿಗೈಯವರಾಗಿ ಮುಂಬಯಿಯಲ್ಲಿ ತೀರಿಕೊಂಡವರು. ಬೆಂಗಳೂರಿನ ಸದಾಶಿವನಗರವೂ ಅವರ ಹೆಸರಿನದೇ. ತನ್ನದೆಂದು ಏನನ್ನೂ ಇಟ್ಟುಕೊಳ್ಳದವರ ಹೆಸರು ಕೊಳ್ಳುವವರ ಬೀದಿಗೆ ಬಂದಿದೆ! ಯುವಕನನ್ನು ನಾನು ದೂಷಿಸಲಾರೆ. ಅವನಿಗೆ ಪಾಠ ಹೇಳಿದವರು ನನ್ನಂಥ ಮೇಷ್ಟ್ರುಗಳೇ ಅಲ್ಲವೇ?

ರಥಬೀದಿಯಲ್ಲಿ ವೆಂಕಟರಮಣ ದೇವಸ್ಥಾನ, ಮಲ್ಲಿಗೆಯ ಪರಿಮಳ, ರಥಸಪ್ತಮಿಯ ದಿನದ ಕೊಡಿಯಾಲ ತೇರು. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿ ಬಂದರು ಪ್ರದೇಶ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು. ಮಾಪಿಳ್ಳೆ, ಕೊಂಕಣಿ, ಗುಜರಾತಿ ವ್ಯಾಪಾರಿಗಳ ಹಳೆಯ ಮಳಿಗೆಗಳು. ಒಣಮೀನು, ಮೆಣಸು, ಗೋಣಿಚೀಲ ಎಲ್ಲವೂ ಕೂಡಿದ ವಾಸನೆ. ಅಡಿಕೆ ಮಂಡಿಯೊಂದರ ಮುಂದೆ ನಿಂತು, ನಮ್ಮದೂ ಅಡಿಕೆಯ ಸೀಮೆ ಎಂದೆ. ವೃದ್ಧ ವ್ಯಾಪಾರಿ ನಕ್ಕರು. "ನಿಮ್ಮದು ಕೆಂಪಡಿಕೆ ಮಾಷ್ಟ್ರೇ, ಬೇಯಿಸಿದ್ದು. ನಮ್ಮದು ಚಾಲಿ, ಬಿಸಿಲಿಗೆ ಒಣಗಿಸಿದ್ದು. ಹಳತಾದಷ್ಟೂ ಬೆಲೆ" ಎಂದು ಹೊಸ ಅಡಿಕೆ, ಸಿಂಗಲ್ ಚೋಲ್, ಡಬಲ್ ಚೋಲ್ ಮೂರನ್ನೂ ಕತ್ತರಿಸಿ ತೋರಿಸಿದರು. 1800ರಲ್ಲಿ ಗುಬ್ಬಿಯ ಪೇಟೆಯನ್ನು ಕಂಡು ಬರೆದ ಫ್ರಾನ್ಸಿಸ್ ಬುಕಾನನ್ ಮರುವರ್ಷ ಮಂಗಳೂರನ್ನೂ ಕಂಡಿದ್ದ. ಅವನ ದಾರಿಯ ಎರಡು ತುದಿಗಳು ಆ ಮಂಡಿಯ ಹಲಗೆಯ ಮೇಲೆ ಕೂಡಿದಂತೆನಿಸಿತು.

ದೊಡ್ಡ ಹಡಗುಗಳು ಈಗ ಇಲ್ಲಿಗೆ ಬರುವುದಿಲ್ಲ. ಪಣಂಬೂರಿನ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾದ ಮೇಲೆ ಅವು ಅತ್ತ ತಿರುಗಿದವು. ಹಳೆಯ ಬಂದರಿಗೆ ಉಳಿದದ್ದು ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಮತ್ತು ಧಕ್ಕೆಯ ಮೀನುಗಾರಿಕೆ.

ದಕ್ಷಿಣಕ್ಕೆ ನೇತ್ರಾವತಿಯ ದಡದ ಜೆಪ್ಪು, ನನ್ನ ಹೆಂಚಿನ ತೌರುಮನೆ. 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್‌ನವರು ಮುದ್ರಣಾಲಯ ತೆರೆದರು, 1843ರಲ್ಲಿ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. ಮತಾಂತರದಿಂದ ಕುಲಕಸುಬು, ಮನೆಮಾರು ಕಳೆದುಕೊಂಡವರಿಗೆ ದುಡಿಮೆ ಬೇಕಿತ್ತು. ನೇಯ್ಗೆಯೂ ಹೆಂಚೂ ಹುಟ್ಟಿದ್ದು ಆ ಅಗತ್ಯದಿಂದ. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭಿಸಿದರು. ನದಿದಡದ ಜೇಡಿಮಣ್ಣು, ಒಂದರ ತೋಡಿಗೆ ಇನ್ನೊಂದರ ಅಂಚು ಕೂರುವ ಅಚ್ಚು. ನಾಡಹೆಂಚಿನಂತೆ ಗಾಳಿಗೆ ಜರುಗದು, ಮಂಗ ಓಡಾಡಿದರೂ ಸುಲಭಕ್ಕೆ ಕದಲದು. ಮೊದಲ ಮಹಾಯುದ್ಧದಲ್ಲಿ ಶತ್ರುದೇಶದವರ ಆಸ್ತಿಯೆಂದು ಬ್ರಿಟಿಷರು ಉದ್ಯಮವನ್ನು ವಶಪಡಿಸಿಕೊಂಡರು. ಅದು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿತು. ಕಾಂಕ್ರೀಟು ತಾರಸಿ ಬಂದ ಮೇಲೆ ಊರಿನ ಹೆಂಚಿನ ಚಿಮಣಿಗಳು ಒಂದೊಂದಾಗಿ ತಣ್ಣಗಾದವು.

ಹಂಪನಕಟ್ಟೆಯ ಬಳಿಯ ಸೆಂಟ್ರಲ್ ಮಾರುಕಟ್ಟೆಯೂ ಹೀಗೆಯೇ. 2020ರ ಕೋವಿಡ್ ಕಾಲದಲ್ಲಿ ಅದು ಮುಚ್ಚಿ, ಸಗಟು ವ್ಯಾಪಾರ ಬೈಕಂಪಾಡಿಗೆ ಹೋಯಿತು; ಹಳೆಯ ಕಟ್ಟಡವನ್ನು ಕೆಡವಲಾಯಿತು. ಹೊಸದು ಅಚ್ಚುಕಟ್ಟಾಗಿರಬಹುದು. ಆದರೆ ಬಸಳೆ, ಹರಿವೆ ಹೊತ್ತು ತಂದು ಬದಿಯಲ್ಲಿ ಕುಳಿತು ಮಾರುತ್ತಿದ್ದ ಮುದುಕಿಯರಿಗೆ ಅದರಲ್ಲಿ ಎಷ್ಟು ಅಡಿ ಜಾಗ?

ಊರಿಗೆ ಮರಳಿದ ಮರುದಿನ ಬೆಳಿಗ್ಗೆ ನಡೆಯಲು ಹೋದೆ. ಕಾವಲು ಎಂದರೆ ದನ ಮೇಯಲು ಕಾದಿರಿಸಿದ ಹುಲ್ಲುನೆಲ. ನಮ್ಮ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಕೆಲಸ ಬಂದಿದೆ, ರಸ್ತೆ ಬಂದಿದೆ, ನನಗೆ ಸಂತೋಷವೇ. ಬೇಲಿಯ ಪಕ್ಕ ಸೈಕಲ್ ನಿಲ್ಲಿಸಿದ್ದ ಹುಡುಗನೊಬ್ಬನನ್ನು, ಕಾವಲ್ ಅಂದರೆ ಏನಪ್ಪಾ ಎಂದು ಕೇಳಿದೆ. ಗೇಟಿನಲ್ಲಿ ನಿಂತಿದ್ದ ಸೆಕ್ಯುರಿಟಿಯವರನ್ನು ತೋರಿಸಿ, "ಅವರು ಕಾಯ್ತಾರಲ್ಲ ತಾತ, ಅದು" ಎಂದ.